ಎಡಿನ್‌ಬರೋದ ಮೂರು ದೆವ್ವದ ಟೂರ್‌ಗಳು: ಒಂದೇ ಮಾಡುವುದಾದರೆ ಸ್ಮಶಾನದ್ದು ಮಾಡಿ

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದಾಗ ಒಂದು ದೆವ್ವದ ಟೂರ್‌ಗೆ ಮಾತ್ರ ದುಡ್ಡು ಹಾಕುತ್ತೀರಿ ಅಂದರೆ ಗ್ರೇಫ್ರೈಯರ್ಸ್ ಸ್ಮಶಾನದ ರಾತ್ರಿ ಟೂರ್‌ಗೆ ಹಾಕಿ. ನಾನು ಮತ್ತು ಅಮ್ಮ ಜೂನ್‌ನಲ್ಲಿ ಮೂರು ಟೂರ್ ಮಾಡಿದೆವು. ಒಳ್ಳೆಯದು ಕೊನೆಗೆ ಸಿಕ್ಕಿತು. ಮೊದಲಿನದ್ದರಲ್ಲಿ ಅಮ್ಮನ ಕಾಲು ಉಳುಕಿತು.

ತಮ್ಮ ಅಲ್ಲಿ ಎಂ.ಎಸ್ಸಿ ಓದುತ್ತಿದ್ದಾನೆ. ಅವನನ್ನು ನೋಡಲು ಹತ್ತು ದಿನ ಹೋಗಿದ್ದೆವು. ಅಮ್ಮನಿಗೆ 63 ವರ್ಷ, ತವರು ಪುತ್ತೂರಿನ ಕಡೆ. ದೈವಗಳ ಕೋಲ, ತಂಬಿಲ, ಸತ್ತವರ ಕಥೆ ಎಲ್ಲ ಕೇಳುತ್ತಲೇ ಬೆಳೆದವಳು. ಕೋಟೆ ಒಂದು ಸಲ ನೋಡಿದ ಮೇಲೆ ಅವಳಿಗೆ ಕಲ್ಲು ಸಾಕಾಯಿತು, ಕಥೆ ಬೇಕಾಯಿತು. ಹಳೇ ಪೇಟೆಯ ರಾಯಲ್ ಮೈಲ್ ಬೀದಿಯಲ್ಲಿ ನಾಲ್ಕು ಹೆಜ್ಜೆಗೊಬ್ಬರು ದೆವ್ವದ ಟೂರ್‌ನ ಬೋರ್ಡ್ ಹಿಡಿದು ನಿಂತಿರುತ್ತಾರೆ. "ಇದನ್ನೇ ಮಾಡುವ" ಅಂದಳು.

ಮೊದಲು ಬುಕ್ ಮಾಡಿದ್ದು ಸೌತ್ ಬ್ರಿಡ್ಜ್ ಕೆಳಗಿನ ಕೋಣೆಗಳ ಟೂರ್. ನಡೆಸುವ ಕಂಪನಿಯ ಹೆಸರು ಬೇಡ. ಜಾಗ ಮಾತ್ರ ನಿಜಕ್ಕೂ ಅದ್ಭುತ. ಮೇಲೆ ನಡೆಯುವಾಗ ಅದು ಸೇತುವೆ ಅಂತಲೇ ಗೊತ್ತಾಗುವುದಿಲ್ಲ, ಎರಡೂ ಕಡೆ ಅಂಗಡಿ ಇರುವ ಮಾಮೂಲಿ ರಸ್ತೆ ಅನ್ನಿಸುತ್ತದೆ. ಕೆಳಗೆ 19 ಕಮಾನುಗಳಿವೆ. ಕೌಗೇಟ್ ಬೀದಿಯ ಮೇಲಿನ ಒಂದು ಕಮಾನು ಮಾತ್ರ ಹೊರಗೆ ಕಾಣುತ್ತದೆ, ಉಳಿದವು ಕಟ್ಟಡಗಳ ಹಿಂದೆ ಮುಚ್ಚಿಹೋಗಿವೆ. ಸೇತುವೆ ಕಟ್ಟಿದ್ದು 1785ರಿಂದ 1788ರವರೆಗೆ. ಕಮಾನುಗಳ ಒಳಗೆ ಗೋಡೆ, ಮಹಡಿ ಹಾಕಿ ಕೋಣೆ ಮಾಡಿದರು. ಚಪ್ಪಲಿ ಹೊಲಿಯುವವರು, ಸಾರಾಯಿ ಮಾರುವವರು ಬಂದರು. ಆದರೆ ಮೇಲಿನಿಂದ ನೀರು ಇಳಿಯದ ಹಾಗೆ ಸರಿಯಾದ ವ್ಯವಸ್ಥೆ ಮಾಡಿರಲಿಲ್ಲ. ಮಳೆ ಬಂದರೆ ಸೋರುತ್ತಿತ್ತು. ಕೆಲವೇ ವರ್ಷಗಳಲ್ಲಿ ವ್ಯಾಪಾರದವರು ಬಿಟ್ಟು ಹೋಗತೊಡಗಿದರು. ಬೇರೆಲ್ಲೂ ಜಾಗ ಸಿಗದ ಬಡವರು ಆ ಕತ್ತಲೆಯಲ್ಲಿ ಸಂಸಾರ ಮಾಡಿದರು. ಆಮೇಲೆ ಕಲ್ಲುಮಣ್ಣು ತುಂಬಿ ಮುಚ್ಚಿದ್ದು ಮತ್ತೆ ಬೆಳಕಿಗೆ ಬಂದಿದ್ದು 1980ರ ದಶಕದಲ್ಲಿ. ಅಗೆದಾಗ ರಾಶಿ ರಾಶಿ ಸಿಂಪಿ ಚಿಪ್ಪು, ಒಡೆದ ತಟ್ಟೆ ಬಟ್ಟಲು ಸಿಕ್ಕವು. ಆಗ ಬಡವರ ಊಟವೇ ಸಿಂಪಿ.

ಇಷ್ಟು ಇದ್ದ ಮೇಲೆ ಬೇರೆ ಏನು ಬೇಕು, ಅಲ್ವಾ? ನಮ್ಮ ಗೈಡ್ ಇದನ್ನೆಲ್ಲ ಹತ್ತು ನಿಮಿಷದಲ್ಲಿ ಮುಗಿಸಿದ. ಉಳಿದ ಹೊತ್ತೆಲ್ಲ "ಕುತ್ತಿಗೆ ಹತ್ತಿರ ತಣ್ಣಗೆ ಆಗ್ತಿದೆಯಾ?" ಅನ್ನುವುದರಲ್ಲೇ ಹೋಯಿತು. ನಾವು 28 ಜನ ಇದ್ದೆವು. ಹಿಂದೆ ನಿಂತವರಿಗೆ ಅರ್ಧ ಮಾತು ಕೇಳುತ್ತಿರಲಿಲ್ಲ. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುವಷ್ಟರಲ್ಲಿ ಗುಂಪು ಮುಂದಿನ ಕೋಣೆಗೆ ಹೋಗಿರುತ್ತಿತ್ತು.

ಕೊನೇ ಕೋಣೆಯಲ್ಲಿ ಗೈಡ್ ದೀಪ ಆರಿಸಿದ. ಕೈ ಮುಂದೆ ಹಿಡಿದರೂ ಕಾಣದಷ್ಟು ಕತ್ತಲೆ. ಒಂದು ತಾಯಿ, ಕಳೆದುಹೋದ ಮಗು ಅಂತ ಮೆಲ್ಲನೆ ಕಥೆ ಶುರು ಮಾಡಿದ. ನಾನು ಅಮ್ಮನ ಕಿವಿ ಹತ್ತಿರ ಬಾಗಿ ಹೇಳುತ್ತಿದ್ದೆ. ಅಷ್ಟರಲ್ಲಿ ಮೂಲೆಯಲ್ಲಿ ಮೊದಲೇ ಅಡಗಿದ್ದ ಯಾರೋ ಕಿರುಚಿಕೊಂಡು ಗುಂಪಿನ ಒಳಗೆ ನುಗ್ಗಿದರು. ಎಲ್ಲರೂ ಹಿಂದಕ್ಕೆ ಹಾರಿದರು. ಅಮ್ಮನೂ ಹಿಂದೆ ಹೆಜ್ಜೆ ಇಟ್ಟಳು. ನೆಲ ಉಬ್ಬುತಗ್ಗಿನ ಕಲ್ಲು, ಮೇಲೆ ಪಸೆ. ಪಾದ ಮಡಚಿ ಗೋಡೆಗೆ ಒರಗಿ ಕೂತುಬಿಟ್ಟಳು. ಸುತ್ತ ಎಲ್ಲರೂ ನಗುತ್ತಿದ್ದರು. ಅವರ ತಪ್ಪಲ್ಲ, ಕತ್ತಲೆಯಲ್ಲಿ ಕಂಡಿರಲಿಲ್ಲ. ನಾನು ಎರಡು ಸಲ ಕೂಗಿದ ಮೇಲೆ ದೀಪ ಹತ್ತಿತು. ಗೈಡ್ ಬಂದು "ಓಕೆನಾ?" ಅಂತ ಕೇಳಿ, ಉತ್ತರ ಸಿಗುವ ಮೊದಲೇ ಜನರನ್ನು ಹೊರಡಿಸಿದ. ಮುಂದಿನ ಗುಂಪು ಮೇಲೆ ಕಾಯುತ್ತಿತ್ತು. ಮೆಟ್ಟಿಲನ್ನು ಅಮ್ಮ ನನ್ನ ಹೆಗಲು ಹಿಡಿದು ಒಂದೊಂದೇ ಹತ್ತಿದಳು. ರಾತ್ರಿ ತಮ್ಮನ ಫ್ರಿಡ್ಜ್‌ನಲ್ಲಿದ್ದ ಬಟಾಣಿ ಪ್ಯಾಕೆಟ್ ಕಾಲಿಗೆ ಕಟ್ಟಿದೆವು. ಮೂಳೆಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಎರಡು ದಿನ ಮನೆಯಲ್ಲೇ ಕೂರಬೇಕಾಯಿತು. ಇದ್ದ ಹತ್ತರಲ್ಲಿ ಎರಡು.

ಕಂಪನಿಗೆ ಮೇಲ್ ಬರೆದೆ. ನೆಲ ಸಮ ಇಲ್ಲ, ದಿಢೀರ್ ಹೆದರಿಸುವುದು ಇರುತ್ತದೆ ಅಂತ ಬುಕಿಂಗ್ ಪುಟದಲ್ಲೇ ಹಾಕಿದ್ದೇವೆ ಅಂತ ಉತ್ತರ ಬಂತು. ಹೌದು, ಹಾಕಿದ್ದರು. ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ. ನಾನು ಅಲ್ಲಿವರೆಗೆ ಓದಿರಲಿಲ್ಲ. ನೀವು ದಯವಿಟ್ಟು ಓದಿ. "ಯಾರಾದರೂ ಹಾರಿ ಹೆದರಿಸುತ್ತಾರಾ?" ಅಂತ ಬುಕ್ ಮಾಡುವ ಮೊದಲೇ ಬರೆದು ಕೇಳಿ. ವಯಸ್ಸಾದವರು, ಹೃದಯದ ತೊಂದರೆ ಇರುವವರು ಜೊತೆಗಿದ್ದರೆ ಈ ಒಂದು ಪ್ರಶ್ನೆ ಮರೆಯಲೇಬೇಡಿ.

ಅಮ್ಮನಿಗೆ ಕಾಲಿಗಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. "ಸತ್ತವರು ಇದ್ದ ಜಾಗದಲ್ಲಿ ಹೀಗೆ ಬೊಬ್ಬೆ ಹೊಡೆಯುದಾ? ಅವರು ಹಸಿದು ಬದುಕಿದ ಮನೆ ಅದು" ಅಂದಳು. ನನಗೂ ಅದೇ ಅನ್ನಿಸಿತು. ಆ ಕತ್ತಲೆಗೆ ಕಿರುಚಾಟದ ಅಗತ್ಯವೇ ಇಲ್ಲ. ಮನಃಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ 2001ರಲ್ಲಿ ಇದೇ ಸೌತ್ ಬ್ರಿಡ್ಜ್ ಕೋಣೆಗಳಿಗೆ ಜನರನ್ನು ಕಳಿಸಿ ಏನನ್ನಿಸಿತು ಅಂತ ಬರೆಸಿಕೊಂಡಿದ್ದರು. ದೆವ್ವ ಇದೆ ಅಂತ ಮೊದಲಿಂದ ಹೆಸರಾದ ಕೋಣೆಗಳಲ್ಲೇ ಜಾಸ್ತಿ ಜನರಿಗೆ ಏನೋ ಅನುಭವವಾಗಿತ್ತು. ಕೋಣೆ ಎಷ್ಟು ದೊಡ್ಡದು, ಚಾವಣಿ ಎಷ್ಟು ಎತ್ತರ, ಬೆಳಕು ಎಷ್ಟು ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಂಡಿತು. ಅಂದರೆ ಸುಮ್ನೆ ನಿಂತರೂ ಆ ಜಾಗ ತನ್ನ ಕೆಲಸ ಮಾಡುತ್ತದೆ.

ಎರಡನೆಯದು ಮೇರಿ ಕಿಂಗ್ಸ್ ಕ್ಲೋಸ್. ಇದನ್ನು ಹಗಲಲ್ಲೇ ನೋಡಬಹುದು. ಕ್ಲೋಸ್ ಅಂದರೆ ನಮ್ಮ ಸಂದಿ. ಎತ್ತರದ ಮನೆಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಸರಿಯಬೇಕು, ಅಷ್ಟು ಕಿರಿದು. 1753ರಲ್ಲಿ ಅದರ ಮೇಲೆ ದೊಡ್ಡ ಕಟ್ಟಡ ಕಟ್ಟಲು ಶುರು ಮಾಡಿದಾಗ ಮೇಲಿನ ಮಹಡಿಗಳನ್ನು ಕೆಡವಿ, ಕೆಳಗಿನವನ್ನೇ ಅಡಿಪಾಯ ಮಾಡಿಕೊಂಡರು. ಹಾಗಾಗಿ ಬೀದಿಗೆ ಬೀದಿಯೇ ನೆಲದ ಕೆಳಗೆ ಉಳಿದುಹೋಯಿತು. 2003ರಿಂದ ಈಗಿನ ರೂಪದಲ್ಲಿ ಜನರಿಗೆ ತೆರೆದಿದೆ. ಮೇರಿ ಕಿಂಗ್ ದೆವ್ವದ ಹೆಸರೇನಲ್ಲ. 1630ರ ದಶಕದಲ್ಲಿ ಅಲ್ಲಿದ್ದ, ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ವಿಧವೆ.

1645ರ ಪ್ಲೇಗ್ ಬಂದಾಗ ರೋಗಿಗಳನ್ನು ಒಳಗೇ ಬಿಟ್ಟು ಸಂದಿಗೆ ಗೋಡೆ ಕಟ್ಟಿದರು ಅಂತ ಒಂದು ಕಥೆ ಊರೆಲ್ಲ ಓಡಾಡುತ್ತದೆ. ನಮ್ಮ ಮೊದಲನೇ ಗೈಡ್ ಕೂಡ ಅದನ್ನೇ ಹೇಳಿದ್ದ. ಅದು ಸುಳ್ಳು. ರೋಗಿಗಳಿಗೆ ಊಟ ತಲುಪುತ್ತಿತ್ತು, ವೈದ್ಯರೂ ಬರುತ್ತಿದ್ದರು. ಮೊದಲ ವೈದ್ಯ ಪ್ಲೇಗಿನಿಂದಲೇ ಸತ್ತ. ಆಮೇಲೆ ಬಂದ ಜಾರ್ಜ್ ರೇ ಬದುಕಿಕೊಂಡ. ಅವನು ಸಾಯುತ್ತಾನೆ ಅಂತ ದೊಡ್ಡ ಸಂಬಳ ಒಪ್ಪಿದ್ದ ಊರಿನವರು ಆಮೇಲೆ ಅದನ್ನು ಕೊಡಲು ಸತಾಯಿಸಿದರಂತೆ. ಇದನ್ನು ಕೇಳಿ ಅಮ್ಮ "ಪಾಪ" ಅಂತ ಮೂರು ಸಲ ಅಂದಳು.

ಅಲ್ಲಿ ಒಂದು ಸಣ್ಣ ಕೋಣೆ ತುಂಬಾ ಗೊಂಬೆಗಳಿವೆ. 1992ರಲ್ಲಿ ಜಪಾನಿನಿಂದ ಬಂದ ಅತೀಂದ್ರಿಯ ಶಕ್ತಿಯ ಮಹಿಳೆಯೊಬ್ಬರು, ಇಲ್ಲಿ ಆನಿ ಅನ್ನುವ ಪುಟ್ಟ ಹುಡುಗಿ ತನ್ನ ಗೊಂಬೆ ಕಳೆದುಕೊಂಡು ಅಳುತ್ತಿದ್ದಾಳೆ ಅಂದರಂತೆ. ಹೋಗಿ ಒಂದು ಗೊಂಬೆ ತಂದಿಟ್ಟರು. ಅಂದಿನಿಂದ ಲೋಕದ ಎಲ್ಲ ಕಡೆಯವರು ಇಡುತ್ತಾ ಬಂದಿದ್ದಾರೆ. ನನಗೆ ಅದು ಸ್ವಲ್ಪ ಪ್ರದರ್ಶನ ಅನ್ನಿಸಿತ್ತು. ಅಮ್ಮನಿಗೆ ಹಾಗನ್ನಿಸಲಿಲ್ಲ. "ಮೊದಲೇ ಹೇಳುದಲ್ಲವಾ ಮಾರಾಯ್ತಿ, ಚನ್ನಪಟ್ಟಣದ್ದು ಒಂದು ತರ್ತಿದ್ದೆ" ಅಂದಳು.

ಒಳಗೆ ಫೋಟೋ ತೆಗೆಯುವಂತಿಲ್ಲ. ಮೆಟ್ಟಿಲು ಇದೆ, ಆದರೆ ಬೆಳಕು ಸಾಕಷ್ಟಿದೆ. ಟಿಕೆಟ್ ಮೂರರಲ್ಲಿ ಇದೇ ದುಬಾರಿ. ಸುಮಾರು ಒಂದು ಗಂಟೆ. ಮಳೆ ಬಂದರೂ ತೊಂದರೆ ಇಲ್ಲ, ಆ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮಕ್ಕಳ ಜೊತೆ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ನನಗೆ ಕಡಿಮೆ ಅನ್ನಿಸಿದ್ದು ಒಂದೇ. ಎಲ್ಲ ಸಮಯಕ್ಕೆ ಸರಿಯಾಗಿ ಅಳೆದಿಟ್ಟ ಹಾಗಿತ್ತು, ನಿಂತು ಪ್ರಶ್ನೆ ಕೇಳಲು ಪುರುಸೊತ್ತು ಸಿಗಲಿಲ್ಲ.

ಅದು ಸಿಕ್ಕಿದ್ದು ಗ್ರೇಫ್ರೈಯರ್ಸ್‌ನಲ್ಲಿ. ಹೊರಡುವ ಹಿಂದಿನ ರಾತ್ರಿ ಹೋದೆವು. ಸಮಯದ ಬಗ್ಗೆ ಒಂದು ಮಾತು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 10ಕ್ಕೆ. ಏಳು ಗಂಟೆಯ ದೆವ್ವದ ಟೂರ್ ಬುಕ್ ಮಾಡಿದರೆ ಬಿಸಿಲಲ್ಲಿ ನಿಂತು ದೆವ್ವದ ಕಥೆ ಕೇಳಬೇಕು. ದಿನದ ಕೊನೇ ಟೂರ್ ತಗೊಳ್ಳಿ.

ನಾವು 11 ಜನ, ಗೈಡ್ ಅದೇ ಊರಿನ ಹೆಂಗಸು. ಬುಕ್ ಮಾಡುವ ಮೊದಲೇ ಕೇಳಿದ್ದೆ, ಯಾರೂ ಹಾರಿ ಹೆದರಿಸುವುದಿಲ್ಲ ಅಂದಿದ್ದರು. ಅಮ್ಮನ ಕಾಲಿಗೆ ಪಟ್ಟಿ ಇದ್ದದ್ದು ನೋಡಿ ನಡಿಗೆಯನ್ನೇ ನಿಧಾನ ಮಾಡಿಕೊಂಡರು. ನಾನು ಅನುವಾದ ಮಾಡಿ ಮುಗಿಸುವವರೆಗೂ ಕಾಯುತ್ತಿದ್ದರು. ಇಡೀ ಪ್ರವಾಸದಲ್ಲಿ ನಾನು ನೆನೆಯುವ ದೊಡ್ಡ ಉಪಕಾರ ಅದು.

ಮೊದಲು ಸಮಾಧಿಗಳ ಮೇಲಿನ ಕಬ್ಬಿಣದ ಪಂಜರಗಳ ಹತ್ತಿರ ಕರೆದೊಯ್ದರು. ಒಳಗಿನ ಹೆಣ ಹೊರಗೆ ಬರದಿರಲಿ ಅಂತ ಹಾಕಿದ್ದು ಅಂದುಕೊಂಡಿದ್ದೆ. ಕಳ್ಳರು ಒಳಗೆ ಬರದಿರಲಿ ಅಂತ ಹಾಕಿದ್ದಂತೆ. ವೈದ್ಯಕೀಯ ಕಾಲೇಜುಗಳಿಗೆ ಕೊಯ್ದು ಕಲಿಯಲು ಹೆಣ ಬೇಕಿತ್ತು, ಕಾನೂನು ಪ್ರಕಾರ ಸಿಗುತ್ತಿದ್ದದ್ದು ತೀರಾ ಕಡಿಮೆ. ಹಾಗಾಗಿ ಹೊಸ ಗೋರಿ ಅಗೆದು ಮಾರುತ್ತಿದ್ದರು. ಹೆಣ ಕೊಳೆತು ಮಾರಾಟಕ್ಕೆ ಬಾರದಷ್ಟು ಆಗುವವರೆಗೆ ಪಂಜರ ಇಟ್ಟರೆ ಸಾಕಾಗುತ್ತಿತ್ತು. ಬರ್ಕ್ ಮತ್ತು ಹೇರ್ ಹೆಸರು ಆ ಊರಿನಲ್ಲಿ ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಅವರು ಗೋರಿ ಅಗೆದವರಲ್ಲ, ಹೆಣಕ್ಕಾಗಿ 16 ಜನರನ್ನು ಕೊಂದವರು ಅಂತ ಸರಿಯಾಗಿ ಬಿಡಿಸಿ ಹೇಳಿದ್ದು ಈಕೆ ಮಾತ್ರ. 1829ರ ಜನವರಿಯಲ್ಲಿ ಬರ್ಕ್‌ನನ್ನು ಗಲ್ಲಿಗೇರಿಸಿದರು. ಅವನ ಹೆಣವನ್ನೂ ಕೊಯ್ದರು. ಅಸ್ಥಿಪಂಜರ ಇವತ್ತಿಗೂ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿದೆ.

ಆಮೇಲೆ ಜಾರ್ಜ್ ಮೆಕೆಂಜಿಯ ಸಮಾಧಿ. ಗುಮ್ಮಟ ಇರುವ ದುಂಡನೆಯ ಕಟ್ಟಡ. 1638ರಲ್ಲಿ ಜನ ತಮ್ಮ ಧರ್ಮದ ವಿಷಯದಲ್ಲಿ ರಾಜ ಕೈಹಾಕಬಾರದು ಅಂತ ಒಪ್ಪಂದಕ್ಕೆ ಸಹಿ ಹಾಕಿದ್ದು ಈ ಸ್ಮಶಾನದ ಚರ್ಚಿನಲ್ಲೇ. ಆ ಪಂಗಡದವರು 1679ರಲ್ಲಿ ಯುದ್ಧ ಸೋತಾಗ ಸುಮಾರು 1,200 ಜನರನ್ನು ತಂದು ಇದೇ ಸ್ಮಶಾನದ ಪಕ್ಕದ ಬಯಲಲ್ಲಿ ಕೂಡಿಹಾಕಿದರು. ತಲೆ ಮೇಲೆ ಸೂರಿಲ್ಲ. ತಿಂಗಳುಗಟ್ಟಲೆ ಹಾಗೇ. ಕೊನೆಗೆ ಉಳಿದವರನ್ನು ಗುಲಾಮರಂತೆ ಹಡಗಿಗೆ ತುಂಬಿ ಕಳಿಸಿದರೆ, ಆರ್ಕ್ನಿ ದ್ವೀಪಗಳ ಹತ್ತಿರ ಹಡಗು ಒಡೆದು ಹೆಚ್ಚಿನವರು ಮುಳುಗಿದರು. ಅವರ ಪಂಗಡದವರನ್ನು ಬೆನ್ನಟ್ಟಿ ಶಿಕ್ಷೆ ಕೊಡಿಸಿದ ಸರ್ಕಾರಿ ವಕೀಲನೇ ಮೆಕೆಂಜಿ. 1691ರಲ್ಲಿ ಸತ್ತ. ಅವನನ್ನು ಹೂಳಿದ್ದೂ ಅಲ್ಲೇ, ಆ ಬಯಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಹಿಂದೆ ಮಕ್ಕಳು ಅವನ ಬಾಗಿಲು ತಟ್ಟಿ ಹೊರಗೆ ಬಾ ಅಂತ ಕೂಗಿ ಓಡುತ್ತಿದ್ದರಂತೆ. 1990ರ ದಶಕದ ಕೊನೆಯಲ್ಲಿ ಮನೆ ಇಲ್ಲದ ಒಬ್ಬ ರಾತ್ರಿ ಮಲಗಲು ಒಳಗೆ ನುಗ್ಗಿದ. ಅದಾದ ಮೇಲೆ ಬಂದವರಿಗೆ ಗೀರು ಬಿತ್ತು, ತಲೆ ತಿರುಗಿ ಬಿದ್ದರು ಅನ್ನುವ ಮಾತುಗಳು ಶುರುವಾದವು. "ಜನ ನನಗೆ ಹೇಳಿದ್ದನ್ನು ಹೇಳುತ್ತಿದ್ದೇನೆ, ನಾನು ನೋಡಿಲ್ಲ" ಅಂದರು ಗೈಡ್. ಆ ಒಂದು ಮಾತಿಗೆ ನಾನು ಅವರನ್ನು ಪೂರ್ತಿ ನಂಬಿದೆ.

ಅವರನ್ನು ಕೂಡಿಹಾಕಿದ್ದ ಆ ಬಯಲು ಸೆರೆಮನೆಯ ಉಳಿದ ಭಾಗಕ್ಕೆ ಕಬ್ಬಿಣದ ಗೇಟ್ ಇದೆ, ಬೀಗ ಹಾಕಿರುತ್ತಾರೆ. ನಮ್ಮ ಟೂರ್ ಒಳಗೆ ಹೋಗುವುದಿಲ್ಲ. ಒಳಗೆ ಹೋಗಲೇಬೇಕು ಅಂದರೆ ಅದಕ್ಕೆ ಬೀಗದ ಕೈ ಇರುವ ಟೂರ್ ಬೇರೆ ಇದೆ. ನಮಗೆ ಗೇಟ್ ಸಾಕಾಯಿತು. ಅಮ್ಮ ಸರಳು ಹಿಡಿದು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಕೈ ಮುಗಿದಳು. ನಿಮ್ಮ ಊರಲ್ಲಿ ಸತ್ತವರಿಗೆ ಏನು ಮಾಡುತ್ತೀರಿ ಅಂತ ಗೈಡ್ ಕೇಳಿದರು. ಅಮ್ಮ ಕುಲೆಗಳ, ಅಂದರೆ ಸತ್ತವರ ಆತ್ಮಗಳ ಮದುವೆಯ ಬಗ್ಗೆ ಹೇಳಿದಳು. ಸಣ್ಣ ವಯಸ್ಸಲ್ಲಿ ತೀರಿಕೊಂಡ ಹುಡುಗಿಗೆ, ಬದುಕಿದ್ದಿದ್ದರೆ ಮದುವೆಗೆ ಬರುತ್ತಿದ್ದಳು ಅನ್ನುವ ವಯಸ್ಸಾದಾಗ, ಹಾಗೇ ತೀರಿಕೊಂಡ ಹುಡುಗನನ್ನು ಹುಡುಕಿ, ಸೀರೆ, ಬಳೆ ಇಟ್ಟು, ಎರಡೂ ಕಡೆಯವರು ಸೇರಿ ಮದುವೆ ಮಾಡಿ ಊಟ ಹಾಕುತ್ತಾರೆ ಅಂತ. ನಾನು ಇಂಗ್ಲಿಷಿಗೆ ಹೇಳುತ್ತಾ ಹೋದೆ. 11 ಜನರೂ ಸುಮ್ಮನೆ ಕೇಳಿದರು. ಮೂರೂ ಟೂರ್‌ಗಳಲ್ಲಿ ನನ್ನ ಮೈ ಜುಮ್ಮೆಂದಿದ್ದು ಆಗ ಮಾತ್ರ.

ಈ ಟೂರ್ ಮೂರರಲ್ಲಿ ಅಗ್ಗವೂ ಹೌದು. ಒಬ್ಬರಿಗೆ 2 ಸಾವಿರ ರೂಪಾಯಿ ಒಳಗೆ ಮುಗಿಯಿತು. ಸೇತುವೆ ಕೆಳಗಿನದ್ದಕ್ಕೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆವು. ಅಷ್ಟೂ ಇಲ್ಲ ಅಂದರೆ ಹಗಲಲ್ಲಿ ಗ್ರೇಫ್ರೈಯರ್ಸ್ ಒಳಗೆ ಹೋಗಲು ದುಡ್ಡೇ ಬೇಡ. ಹೊರಗೆ ಬಾಬಿ ಅನ್ನುವ ನಾಯಿಯ ಪ್ರತಿಮೆ ಇದೆ, ಅದೃಷ್ಟಕ್ಕೆ ಅಂತ ಅದರ ಮೂಗು ಮಾತ್ರ ಉಜ್ಜಬೇಡಿ, ಸವೆದುಹೋಗುತ್ತಿದೆ ಅಂತ ಊರಿನವರು ಬೇಸರ ಮಾಡಿಕೊಳ್ಳುತ್ತಾರೆ. ಟೂರ್‌ಗೆ ದಪ್ಪ ಅಡಿಯ ಶೂ ಬೇಕು. ಜೂನ್ ಆದರೂ ಸ್ವೆಟರ್ ಬೇಕು.

ಹೆದರಿ ಕಿರುಚಿ ನಕ್ಕು ಬರಬೇಕು ಅನ್ನುವ ಗೆಳೆಯರ ಗುಂಪಿಗೆ ಸೇತುವೆ ಕೆಳಗಿನದ್ದು ಇಷ್ಟ ಆಗಬಹುದು. ನಾವು ಹೋದದ್ದು ಕಥೆಗೆ, ಅದೂ ಹಿರಿಯರ ಜೊತೆ, ಲೆಕ್ಕ ಹಾಕಿ ಖರ್ಚು ಮಾಡುವವರು. ನಮಗೆ ಸ್ಮಶಾನವೇ ಸರಿ.

ತಮ್ಮನ ಪದವಿ ಸಮಾರಂಭ ನವೆಂಬರ್ ಕೊನೆಗೆ. ಆಗ ಅಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಗ್ರೇಫ್ರೈಯರ್ಸ್‌ಗೆ ಇನ್ನೊಂದು ಸಲ ಹೋಗುವುದು ಅಂತ ಆಗಲೇ ತೀರ್ಮಾನ ಆಗಿದೆ. ಆನಿಯ ಕೋಣೆಗೂ ಹೋಗಬೇಕಂತೆ. ಅಮ್ಮ ಚನ್ನಪಟ್ಟಣದ ಹಳದಿ ಬಣ್ಣದ ಗೊಂಬೆಯೊಂದನ್ನು ತಂದು, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾಳೆ.