ಹೇರ್ ಸೈಕೋಪತಿ ಚೆಕ್‌ಲಿಸ್ಟ್, ಎರಡನೆಯ ಆವೃತ್ತಿ: ಕೊಳ್ಳುವ ಮುನ್ನ ಓದಬೇಕಾದ ವಿಮರ್ಶೆ

ಕೆನಡಾದ ಟೊರಾಂಟೊ ನಗರದ ಮಲ್ಟಿ-ಹೆಲ್ತ್ ಸಿಸ್ಟಮ್ಸ್ ಸಂಸ್ಥೆ ಮಾರಾಟ ಮಾಡುವ ‘ಹೇರ್ ಸೈಕೋಪತಿ ಚೆಕ್‌ಲಿಸ್ಟ್–ರಿವೈಸ್ಡ್’, ಬಳಸುವವರ ಬಾಯಲ್ಲಿ ಪಿಸಿಎಲ್-ಆರ್, ಹಣ ಕೊಟ್ಟವರಿಗೆಲ್ಲ ಸಿಗುವ ಸಾಮಗ್ರಿಯಲ್ಲ. ಮನೋವಿಜ್ಞಾನ ಅಥವಾ ಅದಕ್ಕೆ ಸಮೀಪದ ವಿಷಯದಲ್ಲಿ ಉನ್ನತ ಪದವಿಯೂ ಪರೀಕ್ಷೆ ನಡೆಸುವ ತರಬೇತಿಯೂ ಉಳ್ಳವರಿಗೆ ಮಾತ್ರ ಇದನ್ನು ಕೊಡುತ್ತಾರೆ. ಕನಿಕರವಾಗಲಿ ಪಶ್ಚಾತ್ತಾಪವಾಗಲಿ ಇಲ್ಲದೆ ಇತರರನ್ನು ಬಳಸಿಕೊಳ್ಳುವ ವ್ಯಕ್ತಿತ್ವವನ್ನು, ಅಂದರೆ ಸೈಕೋಪತಿಯನ್ನು, ಅಂಕಗಳಲ್ಲಿ ಅಳೆಯುವ ಸಾಧನವಿದು. 1991ರಲ್ಲಿ ಪ್ರಕಟವಾಗಿ 2003ರಲ್ಲಿ ಎರಡನೆಯ ಆವೃತ್ತಿ ಕಂಡ ಈ ಕಟ್ಟಿನಲ್ಲಿ ದಪ್ಪನೆಯ ತಾಂತ್ರಿಕ ಕೈಪಿಡಿ, ಅಂಕ ಕೊಡುವ ನಿಯಮಗಳ ಪುಸ್ತಿಕೆ, ಸಂದರ್ಶನದ ಮಾರ್ಗದರ್ಶಿ ಮತ್ತು ತಲೆಗೊಂದರಂತೆ ಖರ್ಚಾಗುವ ಅಂಕಪತ್ರಗಳು ಇರುತ್ತವೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಫೊರೆನ್ಸಿಕ್ ಮನೋವಿಜ್ಞಾನ (ಅಪರಾಧ ಮತ್ತು ನ್ಯಾಯಾಲಯಕ್ಕೆ ಸಂಬಂಧಿಸಿದ ಮನೋವಿಜ್ಞಾನ) ಪಾಠ ಮಾಡುವಾಗ ಇದನ್ನು ಬಳಸುತ್ತ ಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಬ್ಬ ಮನುಷ್ಯನ ಬದುಕನ್ನು ಶ್ರದ್ಧೆಯಿಂದ ಓದಿಸುವ ಸಾಧನವಾಗಿ ಇದಕ್ಕೆ ಸಾಟಿಯಾದದ್ದು ಕಡಿಮೆ; ಆ ಓದನ್ನೆಲ್ಲ ಒಂದೇ ಸಂಖ್ಯೆಗೆ ಇಳಿಸಿ ನ್ಯಾಯಾಲಯಕ್ಕೋ ಪೆರೋಲ್ ಮಂಡಳಿಗೋ ಒಪ್ಪಿಸುವಾಗ ಇದೇ ಸಾಧನ ಅಪಾಯಕಾರಿಯಾಗುತ್ತದೆ.

ಇದರ ಕರ್ತೃ ರಾಬರ್ಟ್ ಹೇರ್ 1960ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾದ ಸೆರೆಮನೆಯಲ್ಲಿ ಕೆಲಸ ಮಾಡಿ, ಆ ಬಳಿಕ ವ್ಯಾಂಕೂವರ್‌ನ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತವರು. ಜಾರ್ಜಿಯಾ ರಾಜ್ಯದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಿಂದ ವಿವರಿಸುತ್ತ ಬಂದಿದ್ದ ಸೈಕೋಪಾತ್‌ನ ಚಿತ್ರವನ್ನು ಅಳೆಯಬಲ್ಲ ರೂಪಕ್ಕೆ ತರುವುದು ಹೇರ್ ಅವರ ಉದ್ದೇಶವಾಗಿತ್ತು. 1980ರ ಮೊದಲ ಪಟ್ಟಿಯಲ್ಲಿ 22 ಅಂಶಗಳಿದ್ದವು, ಈಗಿರುವುದು 20. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 40. ಮಾತಿನ ಮೋಡಿ, ತಾನೇ ದೊಡ್ಡವನೆಂಬ ಭಾವ, ಚಟದಂತಾದ ಸುಳ್ಳು, ಪಶ್ಚಾತ್ತಾಪವಿಲ್ಲದಿರುವುದು, ಕನಿಕರದ ಕೊರತೆ ಇವೆಲ್ಲ ಮೊದಲ ಗುಂಪಿನವು. ದುಡುಕು, ಬೇಜವಾಬ್ದಾರಿ, ಇನ್ನೊಬ್ಬರ ದುಡಿಮೆಯ ಮೇಲೆ ಬದುಕುವುದು, ಬಾಲ್ಯದಿಂದಲೇ ದುರ್ವರ್ತನೆ, ಬಗೆಬಗೆಯ ಅಪರಾಧಗಳು ಎರಡನೆಯ ಗುಂಪಿನವು. ಉತ್ತರ ಅಮೆರಿಕದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ಸೈಕೋಪಾತ್ ಎಂದು ಪರಿಗಣಿಸುವುದು ರೂಢಿ.

ಹೆಸರಿನಲ್ಲಿ ಚೆಕ್‌ಲಿಸ್ಟ್ ಎಂದಿದ್ದರೂ ಇದು ಗುರುತು ಹಾಕಿ ಮುಗಿಸುವ ಪಟ್ಟಿಯಲ್ಲ. ಅರೆ-ರಚಿತ ಸಂದರ್ಶನಕ್ಕೆ, ಅಂದರೆ ಮುಖ್ಯ ಪ್ರಶ್ನೆಗಳು ಮೊದಲೇ ಸಿದ್ಧವಿದ್ದು ಉಳಿದದ್ದು ಮಾತಿನ ಜಾಡು ಹಿಡಿದು ಸಾಗುವ ಸಂದರ್ಶನಕ್ಕೆ, ಒಂದೂವರೆಯಿಂದ ಎರಡು ಗಂಟೆ ಬೇಕು. ಕಡತಗಳ ಪರಿಶೀಲನೆಗೆ ಪ್ರತ್ಯೇಕ ಸಮಯ ಬೇಕು. ಪೊಲೀಸ್ ದಾಖಲೆ, ಜೈಲಿನ ವರದಿ, ಶಾಲೆಯ ಮತ್ತು ಕೆಲಸದ ವಿವರ ಇಲ್ಲದೆ ಬರೀ ಸಂದರ್ಶನದಿಂದ ಅಂಕ ಕೊಡುವಂತಿಲ್ಲ. ಸುಳ್ಳು ಹೇಳುವುದೇ ಲಕ್ಷಣವಾಗಿರುವ ಸ್ಥಿತಿಯನ್ನು ಅಳೆಯುವಾಗ ಆತನ ಮಾತನ್ನೇ ಆಧಾರ ಮಾಡಿಕೊಳ್ಳಬಾರದು ಎಂಬ ಈ ಒಂದು ತೀರ್ಮಾನಕ್ಕಾಗಿಯೇ ಹೇರ್ ಅವರಿಗೆ ಮೆಚ್ಚುಗೆ ಸಲ್ಲಬೇಕು. ಅಂಕ ಕೊಡುವುದು ಈ ಹೊತ್ತಿನ ವರ್ತನೆಗಲ್ಲ, ಇಡೀ ಜೀವಮಾನದ ನಡೆಗೆ ಎಂಬ ನಿಯಮವೂ ಅಷ್ಟೇ ಬೆಲೆಯುಳ್ಳದ್ದು. ಪುಸ್ತಿಕೆಯಲ್ಲಿ ಪ್ರತಿ ಅಂಶಕ್ಕೂ ವಿವರಣೆ ಇದೆ, ಮತ್ತು ಅದು ಓದಿಸಿಕೊಂಡು ಹೋಗುತ್ತದೆ.

ಆದರೂ ತೀರ್ಪು ಕೊಡುವುದು ಪರೀಕ್ಷಕನೇ. ಪಶ್ಚಾತ್ತಾಪವಿಲ್ಲದಿರುವಿಕೆ ಎಂಬ ಅಂಶವನ್ನೇ ತೆಗೆದುಕೊಳ್ಳೋಣ. ತರಗತಿಗಾಗಿ ನಾನೇ ಕಟ್ಟಿದ ಒಂದು ಕಡತದಲ್ಲಿ, ಜಗಳದಲ್ಲಿ ನೆರೆಯವನ ಕೈ ಮುರಿದ ಕೈದಿಯೊಬ್ಬ “ಆಗಿದ್ದು ಆಗಿಹೋಯಿತು, ಅವನ ಆಸ್ಪತ್ರೆ ಖರ್ಚನ್ನು ನನ್ನ ಅಣ್ಣ ಕಟ್ಟಿದ್ದಾನೆ” ಎನ್ನುತ್ತಾನೆ. ಒಬ್ಬ ವಿದ್ಯಾರ್ಥಿನಿ ಇದಕ್ಕೆ ಎರಡು ಅಂಕ ಕೊಟ್ಟಳು: ಗಾಯಗೊಂಡವನ ಬಗ್ಗೆ ಒಂದೂ ಮಾತಿಲ್ಲ, ಹೊಣೆಯೂ ಅಣ್ಣನ ಹೆಗಲಿಗೆ ಹೋಗಿದೆ. ಪಕ್ಕದಲ್ಲಿ ಕುಳಿತಿದ್ದವನು ಸೊನ್ನೆ ಕೊಟ್ಟ: ಮನೆಯವರು ದಂಡ ತೆರುವುದೇ ಆ ಊರಿನ ಕಡೆ ತಪ್ಪೊಪ್ಪಿಗೆ, ಗಂಡಸರು ಬಾಯಿಬಿಟ್ಟು ಕ್ಷಮೆ ಕೇಳುವುದಿಲ್ಲ. ಇಬ್ಬರೂ ಪುಸ್ತಿಕೆಯ ಅದೇ ಪುಟವನ್ನು ತೋರಿಸಿ ವಾದಿಸಿದರು. ಇಂಥ ಚರ್ಚೆಗೆ ಎಡೆ ಮಾಡಿಕೊಡುವ ಬೋಧನಾ ಸಾಮಗ್ರಿ ನನಗೆ ಬೇರೆ ಸಿಕ್ಕಿಲ್ಲ. ಕೈದಿಯ ಬಿಡುಗಡೆ ಆ ಅಂಕದ ಮೇಲೆ ನಿಂತಿದ್ದರೆ ಮಾತ್ರ ಅದು ಚರ್ಚೆಯಾಗಿ ಉಳಿಯುವುದಿಲ್ಲ.

ಇದು ಬರೀ ತರಗತಿಯ ಕಷ್ಟವಲ್ಲ. ತರಬೇತಿ ಪಡೆದ ಸಂಶೋಧಕರ ನಡುವೆ ಈ ಪಟ್ಟಿಯ ಅಂಕಗಳು ಚೆನ್ನಾಗಿ ಹೊಂದುತ್ತವೆ. ಪೂರ್ಣ ಸಹಮತ 1 ಎಂದಾದರೆ 0.80ಕ್ಕೂ ಮೇಲಿನ ಹೊಂದಾಣಿಕೆ ಸಂಶೋಧನಾ ವರದಿಗಳಲ್ಲಿ ಸಾಮಾನ್ಯ. ನ್ಯಾಯಾಲಯದ ಹೊಸ್ತಿಲು ದಾಟಿದೊಡನೆ ಚಿತ್ರ ಬದಲಾಗುತ್ತದೆ. ಲೈಂಗಿಕ ಅಪರಾಧಿಗಳನ್ನು ಶಿಕ್ಷೆ ಮುಗಿದ ಮೇಲೂ ನಿಗಾದಲ್ಲಿಡಬೇಕೇ ಎಂದು ತೀರ್ಮಾನಿಸುವ ಟೆಕ್ಸಾಸ್‌ನ 23 ಪ್ರಕರಣಗಳನ್ನು ಡೇನಿಯಲ್ ಮರ್ರಿ, ಮಾರ್ಕಸ್ ಬೊಕಾಚಿನಿ ಮತ್ತು ಸಂಗಡಿಗರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬನೇ ವ್ಯಕ್ತಿಗೆ ಸರ್ಕಾರದ ತಜ್ಞರು ಮತ್ತು ಪ್ರತಿವಾದಿಯ ತಜ್ಞರು ಕೊಟ್ಟ ಅಂಕಗಳ ಹೊಂದಾಣಿಕೆ 0.39ಕ್ಕೆ ಕುಸಿದಿತ್ತು, ಮತ್ತು ಸರ್ಕಾರದ ಕಡೆಯವರ ಅಂಕ ಮೇಲಿರುವುದೇ ಹೆಚ್ಚಾಗಿತ್ತು. ವಕೀಲರು ತಮಗೆ ಬೇಕಾದ ತಜ್ಞರನ್ನೇ ಆರಿಸಿಕೊಳ್ಳುತ್ತಾರೆ, ಅದಕ್ಕೇ ಹೀಗಾಗಿರಬಹುದು ಎಂಬ ಆಕ್ಷೇಪಕ್ಕೆ ಉತ್ತರವಾಗಿ ಅದೇ ತಂಡ 2013ರಲ್ಲಿ ಒಂದು ಪ್ರಯೋಗವನ್ನೇ ಮುಂದಿಟ್ಟಿತು. ಸುಮಾರು ನೂರು ಮಂದಿ ವೃತ್ತಿನಿರತ ತಜ್ಞರಿಗೆ ತರಬೇತಿ ಕೊಟ್ಟು, ಸಂಭಾವನೆ ನೀಡಿ, ಒಂದೇ ಕಡತಗಳನ್ನು ಕೈಗಿತ್ತು, ಅರ್ಧದಷ್ಟು ಜನರಿಗೆ ನೀವು ಅಭಿಯೋಜನೆಯ, ಅಂದರೆ ಸರ್ಕಾರದ, ಪರ ಎಂದೂ ಉಳಿದವರಿಗೆ ಪ್ರತಿವಾದಿಯ ಪರ ಎಂದೂ ನಂಬಿಸಲಾಯಿತು. ಅಭಿಯೋಜನೆಯ ಪರ ಎಂದು ನಂಬಿದವರು ಹೆಚ್ಚು ಅಂಕ ಕೊಟ್ಟರು. ಕಡತ ಬದಲಾಗಿರಲಿಲ್ಲ, ಹಣ ಕೊಡುವವರು ಯಾರೆಂಬ ಭಾವನೆಯಷ್ಟೇ ಬದಲಾಗಿತ್ತು. ಕಟ್ಟಿನ ಬೆಲೆ ಎಷ್ಟೇ ಇರಲಿ, ಕೊಳ್ಳುವವರು ಮೊದಲು ಓದಬೇಕಾದದ್ದು ಈ ಸಂಶೋಧನೆ.

30 ಎಂಬ ಗೆರೆಯ ವಿಷಯದಲ್ಲಿಯೂ ನನಗೆ ತಕರಾರಿದೆ. ಈ ಪಟ್ಟಿಯ ಒಟ್ಟು ಅಂಕದ ಮಾಪನ ದೋಷವೇ (ಅಳತೆಯಲ್ಲಿ ಸಹಜವಾಗಿ ಆಗುವ ಏರುಪೇರು) ಸುಮಾರು ಮೂರು ಅಂಕದಷ್ಟು. ಹಾಗಾಗಿ 28 ಬಂದವನಿಗೂ 31 ಬಂದವನಿಗೂ ನಿಜವಾಗಿ ಅಂತರವಿದೆಯೇ ಎಂದು ಖಚಿತವಾಗಿ ಹೇಳಲಾಗದು. ಬ್ರಿಟನ್ನಿನಲ್ಲಿ ಹಲವರು 25ನ್ನೇ ಗೆರೆಯಾಗಿ ಬಳಸುತ್ತಾರೆ. ಅಂದರೆ 27 ಅಂಕದ ಕೈದಿ ಅಟ್ಲಾಂಟಿಕ್‌ನ ಒಂದು ದಡದಲ್ಲಿ ಸೈಕೋಪಾತ್, ಇನ್ನೊಂದು ದಡದಲ್ಲಿ ಅಲ್ಲ. ಸೈಕೋಪತಿ ಎಂಬುದು ಇದೆ ಅಥವಾ ಇಲ್ಲ ಎನ್ನುವಂಥದ್ದಲ್ಲ, ಎಲ್ಲರಲ್ಲೂ ಹೆಚ್ಚುಕಡಿಮೆಯಾಗಿ ಹರಡಿರುವ ಗುಣಗಳ ಮೊತ್ತ ಎಂದು ಜಾನ್ ಈಡನ್ಸ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಇದೇ ಉಪಕರಣದ ಅಂಕಗಳಿಂದ ತೋರಿಸಿದ್ದಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸಮಾಜವಿರೋಧಿ ವ್ಯಕ್ತಿತ್ವ ದೋಷವಿದೆಯೇ ಹೊರತು ಸೈಕೋಪತಿ ಎಂಬ ಪ್ರತ್ಯೇಕ ರೋಗನಿರ್ಣಯವಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಅಪರಾಧದ ದಾಖಲೆಯನ್ನೇ ಅಳತೆಯ ಭಾಗ ಮಾಡಿಕೊಂಡು, ಬಳಿಕ ಆ ಅಳತೆಯಿಂದಲೇ ಅಪರಾಧವನ್ನು ಮುನ್ಸೂಚಿಸುವುದು ಸುತ್ತುವಾದ ಎಂಬ ಟೀಕೆ ಬಹಳ ಹಿಂದಿನದು. ಕ್ಲೆಕ್ಲಿ ವರ್ಣಿಸಿದ ಹಲವರು ಜೈಲು ಕಂಡವರೇ ಅಲ್ಲ. ಜೆನಿಫರ್ ಸ್ಕೀಮ್ ಮತ್ತು ಡೇವಿಡ್ ಕುಕ್ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದ ಲೇಖನ 2010ರಲ್ಲಿ ಬೆಳಕು ಕಾಣುವ ಮೊದಲು, ತಮ್ಮ ಕೆಲಸವನ್ನು ಅದರಲ್ಲಿ ತಪ್ಪಾಗಿ ಬಿಂಬಿಸಲಾಗಿದೆ ಎಂದು ಹೇರ್ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟದ್ದರಿಂದ ಪ್ರಕಟಣೆ ವರ್ಷಗಳ ಕಾಲ ತಡವಾಯಿತು. ವಿದ್ವತ್ಪತ್ರಿಕೆಯ ಪುಟಗಳಲ್ಲೇ ಮುಗಿಯಬೇಕಾದ ಜಗಳ ವಕೀಲರ ಕಚೇರಿ ಹತ್ತಿದ್ದು ಉಪಕರಣದ ಹೆಸರಿಗೆ ಒಳ್ಳೆಯದು ಮಾಡಲಿಲ್ಲ. 2020ರಲ್ಲಿ ಹದಿಮೂರು ತಜ್ಞರು ಜಂಟಿ ಹೇಳಿಕೆ ಹೊರಡಿಸಿ, ಮರಣದಂಡನೆಯ ವಿಚಾರಣೆಗಳಲ್ಲಿ ಆರೋಪಿ ಜೈಲಿನೊಳಗೆ ಗಂಭೀರ ಹಿಂಸೆಗೆ ಇಳಿಯುತ್ತಾನೆ ಎಂದು ಹೇಳಲು ಈ ಅಂಕವನ್ನು ಬಳಸಕೂಡದು ಎಂದರು. ಅವರಲ್ಲಿ ಒಬ್ಬರಾದ ಸ್ಟೀಫನ್ ಹಾರ್ಟ್ ಇದೇ ಪಟ್ಟಿಯ ಕಿರು ಆವೃತ್ತಿಯನ್ನು ಹೇರ್ ಜೊತೆ ರೂಪಿಸಿದವರು. ಹೇರ್ ಬಳಗ ಅದೇ ವರ್ಷ ಅಂಕಿಅಂಶಗಳೊಂದಿಗೆ ಪ್ರತ್ಯುತ್ತರ ಕೊಟ್ಟಿತು. ನನಗೆ ಹೇಳಿಕೆ ಹೊರಡಿಸಿದವರ ವಾದವೇ ಹೆಚ್ಚು ತೂಕದ್ದಾಗಿ ಕಂಡಿತು. ಗುಂಪುಗಳ ನಡುವೆ ಕಾಣುವ ಸಂಬಂಧ ಒಬ್ಬನ ಕೊರಳಿಗೆ ಹಗ್ಗ ಬಿಗಿಯಲು ಸಾಲದು.

ನಮ್ಮಲ್ಲಿ ಇದನ್ನು ಬಳಸಬಯಸುವವರು ಕೆಲವು ಅಂಶಗಳ ಮುಂದೆ ತಡೆದು ನಿಲ್ಲಬೇಕಾಗುತ್ತದೆ. ಅಲ್ಪಕಾಲದ ಹಲವು ದಾಂಪತ್ಯಗಳು ಎಂಬ ಅಂಶ, ಮದುವೆಯನ್ನು ಹಿರಿಯರು ಕೂಡಿಸಿ ಹಿರಿಯರೇ ಕಾಯುವ ಸಮಾಜದಲ್ಲಿ ಏನನ್ನು ಅಳೆಯುತ್ತದೆ? ಮೂವತ್ತು ದಾಟಿದ ಮಗ ಅಪ್ಪನ ಪಿಂಚಣಿಯಲ್ಲಿ ಉಣ್ಣುವುದು ಕೂಡುಕುಟುಂಬದಲ್ಲಿ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಉದ್ದೇಶಪೂರ್ವಕ ಶೋಷಣೆಯಿದ್ದರೆ ಮಾತ್ರ ಅಂಕ ಎಂಬ ನಿಯಮವನ್ನು ಮರೆತ ಪರೀಕ್ಷಕ ಅಲ್ಲಿಯೂ ಎರಡು ಹಾಕಿಬಿಡಬಹುದು. ಒಪ್ಪಿಗೆಯ ಪ್ರಶ್ನೆ ಇನ್ನೂ ದೊಡ್ಡದು. ಮಂಪರು ಪರೀಕ್ಷೆ, ಸುಳ್ಳುಪತ್ತೆ ಮತ್ತು ಮೆದುಳು ಮ್ಯಾಪಿಂಗನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಕೂಡದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಪಿಸಿಎಲ್-ಆರ್ ಆ ಸಾಲಿನ ಪರೀಕ್ಷೆಯಲ್ಲ, ನಿಜ. ಆದರೆ ಸಂದರ್ಶನಕ್ಕೆ ಒಲ್ಲೆನೆಂದವನಿಗೂ ಸಾಕಷ್ಟು ಕಡತವಿದ್ದರೆ ಅಂಕ ಕೊಡಬಹುದು ಎಂಬ ಇದರ ಅವಕಾಶವನ್ನು ಆ ತೀರ್ಪು ಓದಿದವರು ನಿರಾತಂಕವಾಗಿ ಒಪ್ಪಲಾರರು.

ಬದಲಿ ಸಾಮಗ್ರಿಗಳೂ ಇವೆ. ಕ್ರಿಸ್ಟಫರ್ ಪ್ಯಾಟ್ರಿಕ್ ಅವರ 58 ಪ್ರಶ್ನೆಗಳ, ಸೈಕೋಪತಿಯನ್ನು ಮೂರು ಗುಣಗಳಾಗಿ ಅಳೆಯುವ ಟ್ರಯಾರ್ಕಿಕ್ ಮಾಪನವಾಗಲಿ, 1995ರ ಲೆವೆನ್‌ಸನ್ ಅವರ 26 ಪ್ರಶ್ನೆಗಳ ಮಾಪನವಾಗಲಿ ಸಂಶೋಧಕರಿಗೆ ಉಚಿತವಾಗಿ ಸಿಗುತ್ತವೆ. ವ್ಯಕ್ತಿಯೇ ಉತ್ತರಿಸುವ ಪ್ರಶ್ನಾವಳಿಗಳಾದ್ದರಿಂದ ಕಾಲೇಜು ವಿದ್ಯಾರ್ಥಿಗಳ ಮೇಲಿನ ಪ್ರಬಂಧಕ್ಕೆ ಇವು ಸಾಕು, ಅಂಥ ಕೆಲಸಕ್ಕೆ ಪಿಸಿಎಲ್-ಆರ್ ಕೊಳ್ಳುವುದು ದುಂದು. ಅಪರಾಧದ ದಾಖಲೆಯಿಲ್ಲದವರೊಡನೆ ಸಂದರ್ಶನವೇ ಬೇಕೆನ್ನುವವರು 1995ರ 12 ಅಂಶಗಳ ಕಿರು ಆವೃತ್ತಿಯನ್ನು ನೋಡಬಹುದು.

ಕೈದಿಗಳ ನಡುವೆ ಗಂಭೀರ ಸಂಶೋಧನೆ ಮಾಡುವ ಅಥವಾ ಪರೀಕ್ಷಕರನ್ನು ತಯಾರು ಮಾಡುವ ವಿಭಾಗಕ್ಕೆ ಮಾತ್ರ ನಾನು ಇದನ್ನು ಶಿಫಾರಸು ಮಾಡುತ್ತೇನೆ. ಕೊಂಡವರು ಅಂಕಪತ್ರಕ್ಕೆ ಮಾತ್ರವಲ್ಲ, ಇಬ್ಬರು ಪರೀಕ್ಷಕರ ಸಮಯಕ್ಕೂ ಹಣ ಎತ್ತಿಡಬೇಕು. ಸಾಧ್ಯವಾದಲ್ಲೆಲ್ಲ ಇಬ್ಬರು ಪ್ರತ್ಯೇಕವಾಗಿ ಅಂಕ ಕೊಟ್ಟು ಸರಾಸರಿ ತೆಗೆಯಿರಿ ಎಂದು ಕೈಪಿಡಿಯೇ ಹೇಳುತ್ತದೆ. ವರದಿ ಬರೆಯುವಾಗ ಒಟ್ಟು ಅಂಕದ ಜೊತೆಗೆ ಯಾವ ಅಂಶಕ್ಕೆ ಯಾವ ದಾಖಲೆಯ ಆಧಾರದಿಂದ ಎಷ್ಟು ಕೊಟ್ಟಿರಿ ಎಂಬುದನ್ನೂ ಸಾಲುಸಾಲಾಗಿ ಲಗತ್ತಿಸಿರಿ. ಎದುರು ಪಕ್ಷದವರು ಪ್ರಶ್ನಿಸಬೇಕಾದ್ದು ಇರುವುದು ಆ ಸಾಲುಗಳಲ್ಲಿ.