ಸೀಮಾಸ್ಟರ್ ತಗೊಳ್ಳೋದಾ, ಬ್ಲ್ಯಾಕ್ ಬೇ ತಗೊಳ್ಳೋದಾ?

ಎರಡೂ ಡೈವಿಂಗ್ ವಾಚ್‌ಗಳೇ. ಒಮೆಗಾ ಕಂಪನಿಯ ಸೀಮಾಸ್ಟರ್ ಡೈವರ್ 300ಎಂ ಫೋಟೊದಲ್ಲಿ ನನಗೆ ಹಿಡಿಸಿರಲಿಲ್ಲ. ಡಯಲ್ ತುಂಬಾ ಅಲೆಗಳು, ಹತ್ತು ಗಂಟೆಯ ಪಕ್ಕ ಹೀಲಿಯಂ ವಾಲ್ವ್ (ಆಳದ ಡೈವಿಂಗ್‌ನಲ್ಲಿ ಒಳಸೇರಿದ ಅನಿಲ ಹೊರಬಿಡುವ ಗುಂಡಿ), ಎಲ್ಲವೂ ಜಾಸ್ತಿ ಅನ್ನಿಸುತ್ತಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯನ ನೀಲಿ ಸೀಮಾಸ್ಟರ್ ಕೈಗೆ ಕಟ್ಟಿ ಬಿಸಿಲಿಗೆ ಹಿಡಿದ ಮೇಲೆ ಮನಸ್ಸು ಬದಲಾಯಿತು. ಅಲೆಗಳನ್ನು ಸೆರಾಮಿಕ್ ಡಯಲ್ ಮೇಲೆ ಲೇಸರ್‌ನಿಂದ ಕೊರೆದಿದ್ದಾರೆ. ಮಣಿಕಟ್ಟು ಸ್ವಲ್ಪ ಓರೆ ಮಾಡಿದರೆ ಒಂದು ಸಾಲು ಹೊಳೆಯುತ್ತದೆ, ಪಕ್ಕದ್ದು ಕಪ್ಪಾಗುತ್ತದೆ. ಇದು ಯಾವ ಫೋಟೊದಲ್ಲೂ ಕಾಣುವುದಿಲ್ಲ.

ಟ್ಯೂಡರ್ ಕಂಪನಿಯ ಬ್ಲ್ಯಾಕ್ ಬೇ 58 ಮೊದಲ ನೋಟಕ್ಕೇ ಇಷ್ಟವಾಗುತ್ತದೆ. 39 ಮಿ.ಮೀ. ಅಗಲ, ದಪ್ಪ 12ಕ್ಕಿಂತ ಕಡಿಮೆ. ಅಂಗಿಯ ತೋಳಿನೊಳಗೆ ಸಲೀಸಾಗಿ ಹೋಗುತ್ತದೆ. ಸೀಮಾಸ್ಟರ್ 42 ಮಿ.ಮೀ., ದಪ್ಪವೂ ಜಾಸ್ತಿ. ಸಣ್ಣ ಕೈಯವರು ಕಟ್ಟಿ ನೋಡದೆ ತಗೊಳ್ಳಬೇಡಿ. ತಾರೀಖು ಬೇಕಿದ್ದರೂ ಸೀಮಾಸ್ಟರೇ, 58ರಲ್ಲಿ ಅದಿಲ್ಲ.

ನೀರಿನ ಲೆಕ್ಕ ಬಿಡಿ. ಸೀಮಾಸ್ಟರ್ 300 ಮೀಟರ್‌ವರೆಗೆ ನೀರು ತಡೆಯುತ್ತದೆ, ಬ್ಲ್ಯಾಕ್ ಬೇ 200. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡುವವರೂ 40 ಮೀಟರ್ ದಾಟುವುದಿಲ್ಲ, ಅಲ್ವಾ?

ಬೆಜೆಲ್, ಅಂದರೆ ಡಯಲ್ ಸುತ್ತ ತಿರುಗುವ ಉಂಗುರ, ಅದನ್ನು ಮಾತ್ರ ಗಮನಿಸಿ. ಒಮೆಗಾದ್ದು ಸೆರಾಮಿಕ್, ಸುಲಭಕ್ಕೆ ಗೀರು ಬೀಳುವುದಿಲ್ಲ. ಟ್ಯೂಡರ್‌ದು ಅಲ್ಯುಮಿನಿಯಂ, ಬಳಸಿದಂತೆ ಗೀರು ಬೀಳುತ್ತದೆ. ದಿನಾ ಕಟ್ಟಲು ನಾನಾದರೆ ಸೀಮಾಸ್ಟರನ್ನೇ ಆರಿಸುತ್ತೇನೆ.