ವೆಲ್ಶ್ ಕಲಿಸುವ ಆ್ಯಪ್: ಒಂದು ಮಳೆಗಾಲ ಬಳಸಿದ ಮೇಲೆ

ಮಡಿಕೇರಿಯಲ್ಲಿ ಮಳೆ ಹಿಡಿದರೆ ಸಂಜೆ ಕರೆಂಟ್ ಇರಲ್ಲ, ಹಾಗಾಗಿ ಜೂನ್‌ನಿಂದ ಫೋನಲ್ಲಿ ಇದೇ ಕೆಲಸ. ನಮ್ಮ ಹೋಂಸ್ಟೇಗೆ ಬಂದಿದ್ದ, ಬ್ರಿಟನ್ನಿನ ವೇಲ್ಸ್ ಕಡೆಯ ದಂಪತಿ ತಮ್ಮ ವೆಲ್ಶ್ ಭಾಷೆಯಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿ ಆಸೆ ಹುಟ್ಟಿತ್ತು.

ಉಚ್ಚಾರಣೆ ಚೆನ್ನಾಗಿ ಕಲಿಸುತ್ತದೆ. ಆದರೆ ಎರಡು ಅರ್ಥದ ಪದಗಳಿಗೆ ವಿವರಣೆಯೇ ಇಲ್ಲ. ‘ದ್ರೋಸ್ ಬೆನ್’ ಅಂದರೆ ಮಿಕ್ಕಿದ್ದು, ಊಟ ಮಿಕ್ಕಿದ ಹಾಗೆ. ಆಮೇಲೆ ‘ದಾ ದ್ರೋಸ್ ಬೆನ್’ ಬಂತು, ‘ಒಳ್ಳೆಯದು ಮಿಕ್ಕಿದೆ’ ಅಂತ ಬರೆದೆ, ತಪ್ಪು ಅಂತ ಕೆಂಪು ಗುರುತು ಹಾಕಿತು. ಅದರ ಅರ್ಥ ‘ತುಂಬಾ ಚೆನ್ನಾಗಿದೆ’ ಅಂತೆ! ‘ದಸ್ಗಿ’ ಅಂದರೆ ಕಲಿಯುವುದೂ ಹೌದು, ಕಲಿಸುವುದೂ ಹೌದು. ‘ಗ್ಲಾಸ್’ ನೀಲಿ, ಆದರೆ ಹುಲ್ಲಿನ ಹೆಸರಲ್ಲೂ ಅದೇ ಇದೆ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಬೆಕ್ಕು. ಬೆಕ್ಕಿಗೆ ‘ಕಾಥ್’, ‘ಆ ಬೆಕ್ಕು’ ಅನ್ನುವಾಗ ‘ಅ ಗಾಥ್’. ಗಕಾರದಲ್ಲಿ ಹುಡುಕಿದರೆ ಡಿಕ್ಷನರಿಯಲ್ಲಿ ಸಿಗಲ್ಲ. ಕ, ತ, ಪ ಹೋಗಿ ಗ, ದ, ಬ ಬರುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆಗುತ್ತದಲ್ವಾ, ಶಾಲೆಯಲ್ಲಿ ಓದಿದ ಆದೇಶ ಸಂಧಿ, ಹಾಗೇ! ಇದನ್ನು ಆ್ಯಪ್ ಹೇಳಲಿಲ್ಲ, ಸೋರುವ ಹೆಂಚಿನ ಕೆಳಗೆ ಬಕೆಟ್ ಇಡುವಾಗ ನನಗೇ ಹೊಳೆಯಿತು.

ಐದಕ್ಕೆ ನಾಲ್ಕು ಸ್ಟಾರ್. ಜೊತೆಗೆ ಒಂದು ಒಳ್ಳೆಯ ಡಿಕ್ಷನರಿ ಇಟ್ಟುಕೊಳ್ಳಿ.